ಆಂಥೊನಿ ಕ್ಲೇರ್ ಯಾರು? ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಕಳೆದ ತಿಂಗಳು ಒಬ್ಬರು "ಮನೋವೈದ್ಯರನ್ನು ನಾವು ಪ್ರಶ್ನೆ ಮಾಡಬಹುದಾ ಮೇಡಂ?" ಅಂತ ಕೇಳಿದ್ದರು. ಧಾರಾಳವಾಗಿ ಮಾಡಿ, ಐರ್ಲೆಂಡಿನ ಆಂಥೊನಿ ಕ್ಲೇರ್ ಅನ್ನುವ ಮನೋವೈದ್ಯರು ಜೀವನವಿಡೀ ಅದನ್ನೇ ಮಾಡಿದರು ಎಂದು ಎರಡು ಸಾಲು ಬರೆದಿದ್ದೆ. ಅದನ್ನೇ ಹಿಡಿದು ಎಷ್ಟೊಂದು ಪತ್ರ ಬಂದಿವೆ! ಈ ಸಲದ ಪುಟವೆಲ್ಲ ಅವರಿಗೇ ಇರಲಿ.

ನಾನು ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ. ನಮ್ಮ ಪಠ್ಯದಲ್ಲಿ ಫ್ರಾಯ್ಡ್ ಇದ್ದಾರೆ, ಯೂಂಗ್ ಇದ್ದಾರೆ. ಕ್ಲೇರ್ ಹೆಸರೇ ಇಲ್ಲ. ಇವರು ಅಂಥದ್ದೇನು ಮಾಡಿದರು?
– ವಿದ್ಯಾರ್ಥಿನಿ, ಹಾಸನ

ಪಠ್ಯದಲ್ಲಿ ಇಲ್ಲದಿರುವುದು ಸಹಜ. ಅವರು ಹೊಸ ಸಿದ್ಧಾಂತ ಕಟ್ಟಿದವರಲ್ಲ, ಯಾವ ಕಾಯಿಲೆಗೂ ಹೆಸರಿಟ್ಟವರಲ್ಲ. ಇದ್ದ ಸಿದ್ಧಾಂತಗಳನ್ನೆಲ್ಲ ಎದುರಿಗೆ ಇಟ್ಟುಕೊಂಡು "ಇದಕ್ಕೆ ಪುರಾವೆ ಏನು?" ಎಂದು ಕೇಳಿದವರು. ಅದೂ ಜನರಿಗೆ ತಿಳಿಯುವ ಮಾತಿನಲ್ಲಿ.

ಹುಟ್ಟಿದ್ದು 1942ರ ಡಿಸೆಂಬರ್ 24ರಂದು, ಡಬ್ಲಿನ್‌ನಲ್ಲಿ. ತಂದೆ ವಕೀಲರು. ಓದಿದ್ದು ಗೊನ್ಜಾಗಾ ಕಾಲೇಜು ಅನ್ನುವ ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ. ಆಮೇಲೆ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿ ವೈದ್ಯಕೀಯ. ಅಲ್ಲಿನ ಚರ್ಚಾ ಸಂಘಕ್ಕೆ ಮುಖ್ಯಸ್ಥರಾಗಿದ್ದರು. 1964ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ವಿಶ್ವವಿದ್ಯಾಲಯಗಳ ನಡುವಿನ 'ಅಬ್ಸರ್ವರ್ ಮೇಸ್' ಚರ್ಚಾ ಸ್ಪರ್ಧೆಯನ್ನು ಪ್ಯಾಟ್ರಿಕ್ ಕಾಸ್ಗ್ರೇವ್ ಜೊತೆ ಗೆದ್ದರು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಅವರು ಮಾಡಿದ್ದಕ್ಕೆಲ್ಲ ಈ ಮಾತಿನ ಅಭ್ಯಾಸವೇ ತಳಪಾಯ. 1966ರಲ್ಲಿ ಡಾಕ್ಟರಾದರು, ಅದೇ ವರ್ಷ ಜೇನ್ ಹೋಗನ್ ಅವರನ್ನು ಮದುವೆಯಾದರು. ಏಳು ಮಕ್ಕಳು. ಅಮೆರಿಕದ ಸಿರಾಕ್ಯೂಸ್‌ನಲ್ಲಿ ಸ್ವಲ್ಪ ಕಾಲ ಇಂಟರ್ನಿ ಆಗಿದ್ದು, ಡಬ್ಲಿನ್‌ಗೆ ಮರಳಿ ಸೇಂಟ್ ಪ್ಯಾಟ್ರಿಕ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯದ ತರಬೇತಿ ಶುರುಮಾಡಿದರು.

ಆಗಿನ ಐರ್ಲೆಂಡ್ ಹೇಗಿತ್ತು ಗೊತ್ತಾ? 1950ರ ದಶಕದ ಕೊನೆಯಲ್ಲಿ ಆ ದೇಶದ ಜನಸಂಖ್ಯೆ 30 ಲಕ್ಷವೂ ಇರಲಿಲ್ಲ. ಹುಚ್ಚಾಸ್ಪತ್ರೆಗಳಲ್ಲಿ ಇದ್ದವರು 20,000ಕ್ಕೂ ಜಾಸ್ತಿ. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು. ಅಷ್ಟು ಜನಕ್ಕೂ ಕಾಯಿಲೆ ಇತ್ತಾ? ಇಲ್ಲ. ವಯಸ್ಸಾದವರು, ಬುದ್ಧಿ ಬೆಳವಣಿಗೆ ಕಡಿಮೆ ಇದ್ದವರು, ಮನೆಯವರಿಗೆ ಬೇಡವಾದವರು, ಎಲ್ಲರೂ ಒಂದೇ ಗೋಡೆಯೊಳಗೆ. ಒಳಗೆ ಹೋದವರಲ್ಲಿ ಎಷ್ಟೋ ಜನ ಅಲ್ಲೇ ಮುದುಕರಾದರು. ಆ ನೆಲದಲ್ಲಿ ಮನೋವೈದ್ಯನಾಗುವ ಹುಡುಗ ತನ್ನ ವೃತ್ತಿಯನ್ನು ಸುಮ್ನೆ ಒಪ್ಪಿಕೊಳ್ಳುವುದು ಕಷ್ಟವೇ.

1970ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಗೆ ಹೋದರು. ಆ ಹೊತ್ತಿಗೆ ಹೊರಗೆ ದೊಡ್ಡ ಗದ್ದಲ ನಡೆಯುತ್ತಿತ್ತು. ಮನೋರೋಗ ಅನ್ನುವುದೇ ಒಂದು ಕಟ್ಟುಕಥೆ ಎಂದು ಅಮೆರಿಕದ ಮನೋವೈದ್ಯ ಥಾಮಸ್ ಸಾಜ್ ವಾದಿಸುತ್ತಿದ್ದರು. ಹುಚ್ಚು ಅನ್ನುವುದು ಹುಚ್ಚು ಹಿಡಿಸುವ ಬದುಕಿಗೆ ಮನುಷ್ಯ ಕೊಡುವ ಉತ್ತರ ಅನ್ನುವ ಧಾಟಿಯಲ್ಲಿ ಸ್ಕಾಟ್ಲೆಂಡಿನ ಮನೋವೈದ್ಯ ಆರ್.ಡಿ. ಲೈಂಗ್ ಬರೆಯುತ್ತಿದ್ದರು. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ರೋಸನ್‌ಹಾನ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಎಂಟು ಜನ ಆರೋಗ್ಯವಂತರು ಕಿವಿಯಲ್ಲಿ ಏನೋ ದನಿ ಕೇಳಿಸುತ್ತದೆ ಎಂದು ಸುಳ್ಳು ಹೇಳಿ ಅಮೆರಿಕದ 12 ಆಸ್ಪತ್ರೆಗಳಲ್ಲಿ ದಾಖಲಾದರಂತೆ, ಒಬ್ಬ ಡಾಕ್ಟರೂ ಅವರನ್ನು ಕಂಡುಹಿಡಿಯಲಿಲ್ಲವಂತೆ. (ಆ ಪ್ರಯೋಗದ ಸಾಚಾತನದ ಬಗ್ಗೆಯೇ ಈಗ ಗಂಭೀರ ಅನುಮಾನಗಳಿವೆ.) ಹಿರಿಯ ಮನೋವೈದ್ಯರಲ್ಲಿ ಎಷ್ಟೋ ಜನ ಇಂಥದ್ದನ್ನು ಕೇಳಿ ಮುಖ ತಿರುಗಿಸಿದರು.

ಕ್ಲೇರ್ ಮುಖ ತಿರುಗಿಸಲಿಲ್ಲ. ಕೂತು ಒಂದೊಂದೇ ಆರೋಪ ಎತ್ತಿಕೊಂಡು 1976ರಲ್ಲಿ 'ಸೈಕಿಯಾಟ್ರಿ ಇನ್ ಡಿಸೆಂಟ್' ಎಂಬ ಪುಸ್ತಕ ಬರೆದರು. ಆಗ ಅವರಿಗೆ ವಯಸ್ಸು 33. ಕಾಯಿಲೆ ಇದೆ ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಲಂಡನ್ನಿನಲ್ಲಿ ಖಿನ್ನತೆ ಅನ್ನಿಸಿಕೊಂಡ ರೋಗಿಗೆ ನ್ಯೂಯಾರ್ಕ್‌ನಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ, ಇಲ್ಲದ ಸಂಶಯ ಕಾಡುವ ಕಾಯಿಲೆ) ಅಂತ ಯಾಕೆ ಬರೆಯುತ್ತಾರೆ? ಕರೆಂಟ್ ಚಿಕಿತ್ಸೆ, ಮೆದುಳಿನ ಆಪರೇಷನ್, ಒತ್ತಾಯದಿಂದ ದಾಖಲು ಮಾಡುವುದು, ಇವು ಎಷ್ಟು ಸರಿ? ವೈರಿಗಳ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸಿ, ನಿಜವಿದ್ದದ್ದನ್ನು ಒಪ್ಪಿ, ಇಲ್ಲದ್ದನ್ನು ಬಿಡಿಸಿ ತೋರಿಸಿದರು. ಕಾಯಿಲೆ ಸುಳ್ಳಲ್ಲ, ಅದನ್ನು ಗುರುತಿಸುವಲ್ಲಿ ನಾವು ಸಡಿಲವಾಗಿದ್ದೇವೆ ಅನ್ನುವುದು ಅವರ ನಿಲುವು.

ನಾನು ಪಿ.ಜಿ. ಓದುವಾಗ ಲೈಬ್ರರಿಯ ಆ ಪ್ರತಿಯ ಅಂಚಿನ ತುಂಬ ಪೆನ್ಸಿಲ್ ಗುರುತುಗಳಿದ್ದವು. ಒಬ್ಬರು "ಸರಿ" ಅಂತ ಬರೆದ ಕಡೆ ಇನ್ನೊಬ್ಬರು "ಒಪ್ಪಲ್ಲ" ಅಂತ ಬರೆದಿದ್ದರು. ನಮ್ಮ ಬ್ಯಾಚಿನವರು ರಾತ್ರಿ ಮೆಸ್‌ನಲ್ಲಿ ಊಟ ತಣ್ಣಗಾಗುವವರೆಗೂ ಅದರ ಮೇಲೆ ಜಗಳ ಆಡುತ್ತಿದ್ದೆವು. ನಮ್ಮ ವೃತ್ತಿಯನ್ನು ಪ್ರೀತಿಸುತ್ತಲೇ ಅನುಮಾನಿಸಬಹುದು ಎಂದು ನನಗೆ ಧೈರ್ಯ ಕೊಟ್ಟ ಪುಸ್ತಕ ಅದು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಆರಂಭದಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಆಸ್ಪತ್ರೆಯಲ್ಲಿ ಪ್ರೊಫೆಸರ್ ಆದರು. ಅದೇ ದಶಕದ ಕೊನೆಗೆ ಡಬ್ಲಿನ್‌ಗೆ ವಾಪಸ್, ಸೇಂಟ್ ಪ್ಯಾಟ್ರಿಕ್ಸ್‌ಗೆ ವೈದ್ಯಕೀಯ ನಿರ್ದೇಶಕರಾಗಿ, ಟ್ರಿನಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ. ಮುಂದೆ ಆಡಳಿತ ಬಿಟ್ಟು ಲ್ಯೂಕನ್‌ನ ಸೇಂಟ್ ಎಡ್ಮಂಡ್ಸ್‌ಬರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತ ಇದ್ದರು. 2007ರ ಅಕ್ಟೋಬರ್ 28ರಂದು ಪ್ಯಾರಿಸ್‌ನಲ್ಲಿ ಹಠಾತ್ತನೆ ತೀರಿಕೊಂಡರು. 64 ವರ್ಷ.

ಅವರು ರೇಡಿಯೊದಲ್ಲಿ ದೊಡ್ಡ ದೊಡ್ಡವರನ್ನು ಕೂರಿಸಿಕೊಂಡು ಮನಸ್ಸಿನ ಗುಟ್ಟು ಕೇಳುತ್ತಿದ್ದರಂತೆ. ಡಾಕ್ಟರು ಇಂಥದ್ದು ಮಾಡಬಹುದಾ? ಊರಿಗೆಲ್ಲ ಕೇಳಿಸುವಂತೆ?
– ನಿವೃತ್ತ ಉಪನ್ಯಾಸಕರು, ಧಾರವಾಡ

ಸರ್, ನಿಮ್ಮ ಪ್ರಶ್ನೆಯನ್ನು ಆ ಕಾಲದಲ್ಲಿ ಬ್ರಿಟನ್ನಿನಲ್ಲೂ ಕೇಳಿದ್ದರು. ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಬಂದವರು ಅವರ ರೋಗಿಗಳಲ್ಲ. ಒಪ್ಪಿ ಬಂದ ಅತಿಥಿಗಳು: ನಟರು, ಬರಹಗಾರರು, ರಾಜಕಾರಣಿಗಳು. ಬಿ.ಬಿ.ಸಿ. ರೇಡಿಯೊ 4ರಲ್ಲಿ 'ಇನ್ ದ ಸೈಕಿಯಾಟ್ರಿಸ್ಟ್ಸ್ ಚೇರ್' 1982ರಿಂದ 2001ರವರೆಗೆ ಬಂತು. 'ಆಲ್ ಇನ್ ದ ಮೈಂಡ್' ಅನ್ನುವ ಇನ್ನೊಂದು ಕಾರ್ಯಕ್ರಮವನ್ನೂ 1988ರಲ್ಲಿ ಮೊದಲು ನಡೆಸಿಕೊಟ್ಟವರು ಅವರೇ.

ಎಂಬತ್ತರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನಾನು ಕಿರಿಯ ಡಾಕ್ಟರಾಗಿದ್ದೆ. ಕ್ವಾರ್ಟರ್ಸ್ ಅಡುಗೆಮನೆಯ ಕಿಟಕಿಯ ಮೇಲೊಂದು ರೇಡಿಯೊ. ಕ್ಲೇರ್ ದನಿ ಬಂತೆಂದರೆ ಪಾತ್ರೆ ತೊಳೆಯುವವರು ನಲ್ಲಿ ನಿಲ್ಲಿಸುತ್ತಿದ್ದರು. ಮೆತ್ತಗಿನ ಐರಿಷ್ ದನಿ, ಆದರೆ ಚುರುಕು. ಮನೋವೈದ್ಯರು ಬರೀ "ಹ್ಞೂಂ, ಹ್ಞೂಂ" ಎಂದು ತಲೆ ಆಡಿಸುತ್ತಾರೆ ಅಂತ ನೀವು ಅಂದುಕೊಂಡಿದ್ದರೆ, ಇವರು ಹಾಗಲ್ಲ. ಉದ್ದುದ್ದ ಪ್ರಶ್ನೆ ಕೇಳುತ್ತಿದ್ದರು. ಮಧ್ಯೆ ಬಾಯಿ ಹಾಕುತ್ತಿದ್ದರು. ಅತಿಥಿ ಜಾರಿಕೊಂಡರೆ ಇನ್ನೊಂದು ದಾರಿಯಿಂದ ಬಂದು ಅದೇ ಪ್ರಶ್ನೆ ಇಡುತ್ತಿದ್ದರು. ಅಮ್ಮನ ಬಗ್ಗೆ, ಅಪ್ಪನ ಬಗ್ಗೆ, ಸಾವಿನ ಬಗ್ಗೆ, ದೇವರ ಬಗ್ಗೆ. ಮೊದಲೇ ಅತಿಥಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಿಕೊಂಡು ಬರುತ್ತಿದ್ದರು ಅನ್ನುವುದು ಕೇಳಿದರೇ ತಿಳಿಯುತ್ತಿತ್ತು.

ಅತಿಥಿಗಳಲ್ಲಿ ಕ್ಲೇರ್ ರೇನರ್ ಅಂತ ಒಬ್ಬರಿದ್ದರು. ಮೊದಲು ನರ್ಸ್, ಆಮೇಲೆ ನನ್ನ ಹಾಗೆಯೇ ಪತ್ರಿಕೆಯಲ್ಲಿ ಓದುಗರ ಕಷ್ಟಕ್ಕೆ ಉತ್ತರ ಬರೆಯುವವರು. ದೇಶಕ್ಕೆಲ್ಲ ಸಮಾಧಾನ ಹೇಳುವ ಹೆಂಗಸು ತನ್ನ ಬಾಲ್ಯದ ಮಾತು ಬಂದಾಗ ಅತ್ತುಬಿಟ್ಟರು. ಇದು ಅತಿಯಾಯಿತು ಅಂದರು ಎಷ್ಟೋ ಜನ. ನನ್ನ ಅಭಿಪ್ರಾಯ ಬೇರೆ. ಅಳುವುದರಲ್ಲಿ ಅವಮಾನ ಇಲ್ಲ ಎಂದು ಊರವರೆಲ್ಲ ಕೇಳಿಸಿಕೊಳ್ಳಬೇಕು. ಆರ್.ಡಿ. ಲೈಂಗ್ ಕೂಡ ಬಂದು ಕೂತರು. ಪುಸ್ತಕದಲ್ಲಿ ಯಾರ ವಾದಗಳಿಗೆ ಕ್ಲೇರ್ ಎದುರು ನಿಂತಿದ್ದರೋ, ಅದೇ ಲೈಂಗ್. ತಮ್ಮ ಖಿನ್ನತೆ, ಕುಡಿತ ಎರಡನ್ನೂ ಆ ಮೈಕಿನ ಮುಂದೆ ಹೇಳಿಕೊಂಡರು. ವಾದದಲ್ಲಿ ಎದುರಾಳಿಯಾದವನ ಮುಂದೆ ಹೀಗೆ ಮನಸ್ಸು ಬಿಚ್ಚಬೇಕಾದರೆ ಕೇಳುವವನ ಮೇಲೆ ಎಷ್ಟು ನಂಬಿಕೆ ಇರಬೇಕು!

ಆದರೆ ಎಲ್ಲರೂ ಬಿಚ್ಚುವುದಿಲ್ಲ. 1991ರಲ್ಲಿ ಜಿಮ್ಮಿ ಸ್ಯಾವಿಲ್ ಬಂದಿದ್ದರು. ಟೀವಿಯ ತಾರೆ, ಆಸ್ಪತ್ರೆಗಳಿಗೆ ಕೋಟಿಗಟ್ಟಲೆ ಹಣ ಕೂಡಿಸಿಕೊಟ್ಟ ದಾನಿ, ಜನರ ಕಣ್ಣಿಗೆ ಸಂತ. ಕ್ಲೇರ್ ಭಾವನೆಗಳ ಬಗ್ಗೆ ಕೇಳಿದರು, ಮತ್ತೆ ಮತ್ತೆ ಕೇಳಿದರು. ಎದುರಿನಿಂದ ಬಂದದ್ದು ಮಾತಿನ ಆಟ ಮಾತ್ರ. ಆ ಸಂದರ್ಶನ ಪುಸ್ತಕದಲ್ಲಿ ಅಚ್ಚಾದಾಗ, ಈ ಮನುಷ್ಯನಲ್ಲಿ ಮೈ ತಣ್ಣಗಾಗಿಸುವಂಥದ್ದು ಏನೋ ಇದೆ ಅನ್ನುವ ಅರ್ಥದಲ್ಲಿ ಬರೆದರು. ಸ್ಯಾವಿಲ್ 2011ರಲ್ಲಿ ಸತ್ತರು. ದಶಕಗಟ್ಟಲೆ ಮಕ್ಕಳ ಮೇಲೆ, ರೋಗಿಗಳ ಮೇಲೆ ಆತ ನಡೆಸಿದ ಲೈಂಗಿಕ ದೌರ್ಜನ್ಯ 2012ರಲ್ಲಿ ಹೊರಬಿತ್ತು. ಅಷ್ಟು ಹೊತ್ತಿಗೆ ಕ್ಲೇರ್ ಹೋಗಿ ಐದು ವರ್ಷ ಆಗಿತ್ತು. ಡಾಕ್ಟರಿಗೆ ಅಪರಾಧ ಗೊತ್ತಾಗಿರಲಿಲ್ಲ, ನಿಜ. ಆದರೆ ಇಡೀ ದೇಶ ಹೊಗಳುವಾಗ ತನಗೆ ಅನ್ನಿಸಿದ ಅಳುಕನ್ನು ಬರೆದಿಟ್ಟರು. ಅದು ಸಣ್ಣ ವಿಷಯವಲ್ಲ.

ಊರಿಗೆ ಬಂದ ಮೇಲೆ ನನ್ನ ಓಪಿಡಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅವರ ಆ ಬಿಡದೆ ಕೇಳುವ ಗುಣ. ನಮ್ಮಲ್ಲಿ ರೋಗಿಯ ಜೊತೆ ಮನೆಮಂದಿ ಬರುತ್ತಾರೆ, ಉತ್ತರವೆಲ್ಲ ಅವರದೇ. ಒಮ್ಮೆ ಒಬ್ಬ ಸೊಸೆಯನ್ನು ಕರೆತಂದಿದ್ದರು. "ಕೆಲಸ ಮಾಡಂಗಿಲ್ರಿ, ಸುಮ್ನ ಕುಂತಿರ್ತಾಳ್ರಿ" ಅಂತ ಅತ್ತೆ. "ಸಿಟ್ಟು ಭಾಳ ಐತ್ರಿ" ಅಂತ ಗಂಡ. ನಾನು ಎಲ್ಲ ಬರೆದುಕೊಂಡು "ನಿಮ್ಮದು ಕೇಳಿದೆ. ಈಗ ನೀ ಹೇಳವ್ವ" ಅಂದೆ. ಅತ್ತೆ ಮತ್ತೆ ಶುರುಮಾಡಿದರು. ಪೆನ್ನು ಕೆಳಗಿಟ್ಟು ಆ ಹುಡುಗಿಯನ್ನೇ ನೋಡುತ್ತ ಮತ್ತೆ ಕೇಳಿದೆ. ಮೂರನೇ ಸಲಕ್ಕೆ "ರಾತ್ರಿ ಮೂರಕ್ಕ ಎಚ್ಚರ ಆಗ್ತದ್ರಿ, ಸತ್ತು ಹೋಗಬೇಕನಸ್ತದ್ರಿ" ಅಂದಳು. ಮನೆಯವರಿಗೆ ಅದು ಗೊತ್ತೇ ಇರಲಿಲ್ಲ.

ನಮ್ಮ ಅಮ್ಮನಿಗೆ ತೀವ್ರ ಖಿನ್ನತೆ. ಊಟ ಬಿಟ್ಟಿದ್ದಾರೆ, ಮಾತಿಲ್ಲ. ಡಾಕ್ಟರು ಕರೆಂಟ್ ಕೊಡಬೇಕು ಅಂತಾರೆ. ಅಣ್ಣ ಬೇಡವೇ ಬೇಡ ಅಂತಾನೆ. ನೀವು ಹೇಳುವ ಈ ಕ್ಲೇರ್ ಏನನ್ನುತ್ತಿದ್ದರು?
– ಗೃಹಿಣಿ, ಶಿವಮೊಗ್ಗ

ಕ್ಲೇರ್ ಈ ಚಿಕಿತ್ಸೆಯ ಭಕ್ತರೂ ಅಲ್ಲ, ವೈರಿಯೂ ಅಲ್ಲ. ನಿಮ್ಮ ಅಮ್ಮನಂಥ ತೀವ್ರ ಖಿನ್ನತೆಗೆ ಇದು ಕೆಲಸ ಮಾಡುತ್ತದೆ ಎಂದು ಪುರಾವೆ ನೋಡಿ ಒಪ್ಪಿದರು. ಕಂಡಕಂಡವರಿಗೆಲ್ಲ ಕೊಟ್ಟು ನಾವೇ ಅದಕ್ಕೆ ಕೆಟ್ಟ ಹೆಸರು ತಂದೆವು ಅಂತಲೂ ಹೇಳಿದರು. ನಾನೂ ಅದನ್ನೇ ಹೇಳುತ್ತೇನೆ.

ನಿಮ್ಮ ಅಣ್ಣನ ತಲೆಯಲ್ಲಿ ಸಿನಿಮಾದ ದೃಶ್ಯ ಇದೆ: ಕೈಕಾಲು ಕಟ್ಟಿ, ಕಿರುಚಾಡುವವರಿಗೆ ಶಾಕ್. ಈಗ ಹಾಗೆ ಮಾಡುವುದು ಕಾನೂನಿಗೇ ವಿರುದ್ಧ. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಕೊಡುವಂತಿಲ್ಲ. ಅಮ್ಮ ನಿದ್ದೆಯಲ್ಲಿರುತ್ತಾರೆ. ಕರೆಂಟ್ ಹರಿಯುವುದು ಕೆಲವೇ ಸೆಕೆಂಡು. ಎದ್ದಾಗ ತಲೆನೋವು, ಸ್ವಲ್ಪ ಗೊಂದಲ ಇರಬಹುದು. ಇತ್ತೀಚಿನ ಕೆಲವು ವಿಷಯ ಮರೆತುಹೋಗಬಹುದು, ಕೆಲವರಿಗೆ ಆ ಮರೆವು ಜಾಸ್ತಿ ದಿನ ಉಳಿಯುತ್ತದೆ. ಇದನ್ನೂ ಡಾಕ್ಟರು ನಿಮಗೆ ಹೇಳಬೇಕು. ಹೇಳದಿದ್ದರೆ ಕೇಳಿ. ಯಾಕೆ ಈಗ, ಎಷ್ಟು ಸಲ, ಕೊಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯಾ? ಈ ನಾಲ್ಕು ಕೇಳುವಾಗ ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅನ್ನ ನೀರು ಬಿಟ್ಟವರ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ.

ಮಗಳು ಡಬ್ಲಿನ್‌ನಲ್ಲಿ ನರ್ಸ್. ಅಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಆಸ್ಪತ್ರೆ ಕಟ್ಟಿಸಿದ್ದು ಗಲಿವರನ ಕಥೆ ಬರೆದವರು ಅಂತಾಳೆ. ಹೌದಾ?
– ತಾಯಿ, ಮಂಗಳೂರು

ಹೌದಮ್ಮ, ಮಗಳು ಸರಿಯಾಗಿಯೇ ಹೇಳಿದ್ದಾಳೆ. ಜೊನಾಥನ್ ಸ್ವಿಫ್ಟ್ 1745ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಮನೋರೋಗಿಗಳ ಆಸ್ಪತ್ರೆಗೆ ಬರೆದಿಟ್ಟಿದ್ದರು. ಮರುವರ್ಷ ರಾಜಮುದ್ರೆ ಸಿಕ್ಕಿತು, 1757ರಲ್ಲಿ ಬಾಗಿಲು ತೆರೆಯಿತು. ಇವತ್ತಿಗೂ ನಡೆಯುತ್ತಿದೆ. ಕ್ಲೇರ್ ಕಲಿತದ್ದೂ, ಮುಂದೆ ಮುಖ್ಯಸ್ಥರಾಗಿದ್ದೂ ಅಲ್ಲೇ.

ನನಗೆ ಬೈಪೋಲಾರ್ ಇದೆ. ಮಾತ್ರೆ ತಗೊಂಡು ಕೆಲಸಕ್ಕೆ ಹೋಗುತ್ತೇನೆ. ಕಾಯಿಲೆ ಇದ್ದವರೊಬ್ಬರ ಜೊತೆ ಕೂತು ಕ್ಲೇರ್ ಪುಸ್ತಕ ಬರೆದಿದ್ದಾರೆ ಅಂತ ಎಲ್ಲೋ ಓದಿದೆ. ಅದು ನಿಜವಾ? ನಮ್ಮಂಥವರ ಮಾತಿಗೂ ಬೆಲೆ ಇದೆಯಾ?
– ಮೆಕ್ಯಾನಿಕ್, ಕೋಲಾರ

ನಿಜ. ಆ ಪುಸ್ತಕ 'ಡಿಪ್ರೆಷನ್ ಅಂಡ್ ಹೌ ಟು ಸರ್ವೈವ್ ಇಟ್', 1993ರದ್ದು. ಜೊತೆಗೆ ಬರೆದವರು ಸ್ಪೈಕ್ ಮಿಲಿಗನ್. ಬ್ರಿಟನ್ನನ್ನೇ ನಗಿಸಿದ ಹಾಸ್ಯಗಾರ. ಅವರು ಹುಟ್ಟಿದ್ದು ನಮ್ಮ ದೇಶದಲ್ಲೇ, ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, 1918ರಲ್ಲಿ. ತಂದೆ ಐರ್ಲೆಂಡಿನವರು, ಇಲ್ಲಿ ಬ್ರಿಟಿಷ್ ಸೈನ್ಯದಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ರಣರಂಗದಲ್ಲಿ ಮಿಲಿಗನ್ ಗಾಯಗೊಂಡರು. ಮನಸ್ಸು ಕುಸಿದದ್ದೂ ಆಗಲೇ. ಆಮೇಲೆ 'ಗೂನ್ ಶೋ' ರೇಡಿಯೊ ಹಾಸ್ಯವನ್ನು ವಾರ ವಾರ ಬರೆಯುತ್ತಲೇ ಆಸ್ಪತ್ರೆ ಸೇರಿ ಬಂದರು. ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ಕುಸಿಯುವ ನಿಮ್ಮದೇ ಕಾಯಿಲೆ ಅವರಿಗೆ.

ಆ ಪುಸ್ತಕದಲ್ಲಿ ಡಾಕ್ಟರು ಮೇಲೆ, ರೋಗಿ ಕೆಳಗೆ ಅನ್ನುವುದಿಲ್ಲ. ಖಿನ್ನತೆ ಬಂದಾಗ ಒಳಗೆ ಹೇಗಿರುತ್ತದೆ ಎಂದು ಮಿಲಿಗನ್ ಹೇಳುತ್ತಾರೆ. ಅದರ ಪಕ್ಕದಲ್ಲೇ, ವೈದ್ಯಶಾಸ್ತ್ರಕ್ಕೆ ಏನು ಗೊತ್ತಿದೆ ಎಂದು ಕ್ಲೇರ್ ವಿವರಿಸುತ್ತಾರೆ. ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ, ಖಿನ್ನತೆಯ ಮಾತ್ರೆ, ಮನೆತನದಲ್ಲಿ ಕಾಯಿಲೆ ಹರಿದು ಬರುವುದು, ಎಲ್ಲ ಇದೆ. ಎಂಜಿನ್ನಿನ ಸದ್ದು ಬದಲಾದದ್ದು ಗಾಡಿ ಓಡಿಸುವವನಿಗೆ ಮೊದಲು ಗೊತ್ತಾಗುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿದ್ದೆ ಕಡಿಮೆಯಾಗಿಯೂ ಸುಸ್ತಾಗದಿದ್ದರೆ, ಮಾತು ಓಡತೊಡಗಿದರೆ, ದುಡ್ಡು ಖರ್ಚು ಮಾಡಬೇಕು ಅನ್ನಿಸತೊಡಗಿದರೆ, ನಿಮ್ಮದೇ ಕೈಬರಹದಲ್ಲಿ ಒಂದು ಡೈರಿಯಲ್ಲಿ ಬರೆದಿಡಿ. ಮುಂದಿನ ಭೇಟಿಗೆ ಅದನ್ನು ಡಾಕ್ಟರ ಮೇಜಿನ ಮೇಲೆ ಇಡಿ. ಹುಷಾರಾಗಿದ್ದೀನಿ ಅಂತ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಅಪ್ಪ ರಿಟೈರ್ ಆಗಿ ಆರು ತಿಂಗಳು. ಯಾರ ಜೊತೆಯೂ ಮಾತಾಡಲ್ಲ. "ನಾನಿದ್ದು ಏನು ಉಪಯೋಗ" ಅಂತಾರೆ. ಆಸ್ಪತ್ರೆ ಅಂದರೆ ಸಿಟ್ಟು. ಗಂಡಸರಿಗೆ ಹೀಗೆಲ್ಲ ಆಗುತ್ತಾ ಮೇಡಂ?
– ಮಗ, ಬಳ್ಳಾರಿ

ಆಗುತ್ತಪ್ಪ. ಗಂಡಸರಿಗೇ ಹೇಳಿಕೊಳ್ಳುವುದು ಹೆಚ್ಚು ಕಷ್ಟ. ಕ್ಲೇರ್ 2000ದಲ್ಲಿ 'ಆನ್ ಮೆನ್' ಅಂತ ಒಂದು ಪುಸ್ತಕ ಬರೆದರು. ಗಂಡಸು ಯಾರು ಅನ್ನುವುದಕ್ಕಿಂತ ಅವನು ಏನು ಕೆಲಸ ಮಾಡುತ್ತಾನೆ ಅನ್ನುವುದೇ ದೊಡ್ಡದು ಎಂದು ತಾನು ಚಿಕ್ಕಂದಿನಲ್ಲೇ ಕಲಿತೆ ಅನ್ನುತ್ತಾರೆ ಅದರಲ್ಲಿ. ನಿಮ್ಮ ಅಪ್ಪನೂ ಅದನ್ನೇ ಕಲಿತಿರಬೇಕು. ಕೆಲಸ ಹೋದ ದಿನ ತಾನೇ ಹೋದೆ ಅನ್ನಿಸಿರಬೇಕು. ಎಷ್ಟೋ ದೇಶಗಳಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಗಂಡಸರೇ ಜಾಸ್ತಿ ಯಾಕೆ ಅನ್ನುವ ಪ್ರಶ್ನೆ ಆ ಪುಸ್ತಕವನ್ನು ಕಾಡುತ್ತದೆ. ನಮ್ಮ ದೇಶದಲ್ಲೂ ಹತ್ತರಲ್ಲಿ ಸುಮಾರು ಏಳು ಗಂಡಸರೇ.

ಆದ್ದರಿಂದ ಅಪ್ಪನ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇವತ್ತು ಸಂಜೆಯೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಅಪ್ಪಾ, ಸಾಯಬೇಕು ಅಂತ ಅನ್ನಿಸ್ತಿದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ಬರುತ್ತೆ ಅನ್ನುವುದು ತಪ್ಪು ಕಲ್ಪನೆ. ಕೇಳಿದವರಿಗೆ ಹೇಳಿಕೊಂಡು ಎದೆ ಹಗುರ ಮಾಡಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಉತ್ತರ ಬರುವವರೆಗೆ ಏಳಬೇಡಿ. ಹೌದು ಅಂದರೆ ಬೈಯಬೇಡಿ, ಉಪದೇಶ ಮಾಡಬೇಡಿ, ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಹೊಲದ ಔಷಧಿ, ಹಳೆಯ ಮಾತ್ರೆಗಳಿದ್ದರೆ ಬೀಗ ಹಾಕಿ. ಆಸ್ಪತ್ರೆ ಅಂದರೆ ಸಿಟ್ಟಾದರೆ ನಿದ್ದೆಗೆ, ಊಟಕ್ಕೆ ತೋರಿಸೋಣ ಅಂತ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರವೇ ಮೊದಲು ಕರೆದುಕೊಂಡು ಹೋಗಿ, ಅವರಿಗೆ ಮುಂಚೆಯೇ ವಿಷಯ ತಿಳಿಸಿರಿ. ನಿಮಗೆ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಡಾಕ್ಟರು ಏನು ಹೇಳಿದರು ಅಂತ ನನಗೂ ಒಂದು ಸಾಲು ಬರೆಯಿರಿ.